ಗೇಟು ಕಾಯುವಾಗ ತಪ್ಪಿದ ಬೀಟು

ಕೊಡಗಿಗೆ ರೈಲಿಲ್ಲ. ಒಳಗೆ ಬರಲಿಕ್ಕೆ ಇರುವುದು ಬೆರಳೆಣಿಕೆಯ ಮುಖ್ಯ ರಸ್ತೆಗಳು. ಮೈಸೂರು ಕಡೆಯಿಂದ ಕುಶಾಲನಗರ ಮತ್ತು ಆನೆಚೌಕೂರು, ಮಂಗಳೂರು ಕಡೆಯಿಂದ ಸಂಪಾಜೆ, ಹಾಸನದ ಕಡೆಯಿಂದ ಕೊಡ್ಲಿಪೇಟೆ, ಕೇರಳದ ಕಡೆಯಿಂದ ಮಾಕುಟ್ಟ, ಕುಟ್ಟ, ಕರಿಕೆ. 2020ರ ಮಾರ್ಚ್‌ನಲ್ಲಿ ಈ ಬೆಟ್ಟ, ಈ ಕಾಡು, ಈ ಕೆಲವೇ ರಸ್ತೆಗಳು ನಮ್ಮನ್ನು ಕಾಪಾಡುತ್ತವೆ ಎಂದು ಬಹಳ ಮಂದಿ ನಂಬಿದ್ದರು. "ಎಲ್ಲ ಕಡೆ ಗೇಟ್ ಹಾಕಿದ್ರೆ ಆಯ್ತಲ್ಲ ಮಾರಾಯ, ಮತ್ತೆ ಎಂತ ಹೆದರಿಕೆ?" ಎಂಬ ಮಾತು ಹಾಲಿನ ಡೇರಿಯ ಮುಂದೆಯೂ ಕೇಳುತ್ತಿತ್ತು, ಪಂಚಾಯಿತಿ ಕಚೇರಿಯ ಜಗಲಿಯ ಮೇಲೂ ಕೇಳುತ್ತಿತ್ತು.

ಮಾರ್ಚ್ 19ರಂದು ಜಿಲ್ಲೆಯ ಮೊದಲ ಕೋವಿಡ್ ಪ್ರಕರಣ ದೃಢಪಟ್ಟಿತು. ದುಬೈಯಿಂದ ಬೆಂಗಳೂರಿಗೆ ವಿಮಾನದಲ್ಲಿ ಬಂದಿಳಿದು, ಅಲ್ಲಿಂದ ಬಸ್ಸು ಹತ್ತಿ ಊರಿಗೆ ಬಂದವರು ಅವರು. ಜನತಾ ಕರ್ಫ್ಯೂಗೂ ಮುಂಚೆ, ಲಾಕ್‌ಡೌನ್‌ಗೂ ಮುಂಚೆ. ಗೇಟುಗಳ ಯೋಚನೆ ಶುರುವಾಗುವ ಹೊತ್ತಿಗೆ ಸೋಂಕು ಬಂದು ಕೂತಾಗಿತ್ತು. ಆದರೂ ಮುಂದಿನ ತಿಂಗಳುಗಳಲ್ಲಿ ಪೊಲೀಸರ ಕೆಲಸವೆಂದರೆ ಗೇಟು ಕಾಯುವುದು ಎಂದೇ ನಾವೆಲ್ಲ ತಿಳಿದೆವು, ಇಲಾಖೆಯೂ ಹೆಚ್ಚು ಕಡಿಮೆ ಹಾಗೆಯೇ ನಡೆದುಕೊಂಡಿತು. ನಾನು ಬರೆಯಹೊರಟಿರುವುದು ಗೇಟಿಗೆ ಹೋದ ಪೊಲೀಸರು ಬಿಟ್ಟುಹೋದ ಕೆಲಸದ ಬಗ್ಗೆ. ಊರೊಳಗಿನ ಬೀಟಿನ, ಅಂದರೆ ಗಸ್ತಿನ ಬಗ್ಗೆ.

ನಮ್ಮದು ಮಾದಾಪುರದ ಆಚೆಯ ಊರು. ಸ್ವಲ್ಪ ಕಾಫಿ, ಸ್ವಲ್ಪ ಕರಿಮೆಣಸು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸುತ್ತಲಿನ ಊರುಗಳು ನಲುಗಿದಾಗ ಊರಿನವರು ಸೇರಿ ಒಂದು ಗುಂಪು ಮಾಡಿಕೊಂಡಿದ್ದೆವು. ಯಾರ ಮನೆಯಲ್ಲಿ ಜೀಪ್ ಇದೆ, ಯಾರ ಹತ್ತಿರ ಮರ ಕೊಯ್ಯುವ ಯಂತ್ರ ಇದೆ, ಎತ್ತಿಕೊಂಡು ಹೋಗಬೇಕಾದ ಅಜ್ಜ ಅಜ್ಜಿಯರು ಯಾವ ಮನೆಯಲ್ಲಿದ್ದಾರೆ ಎಂದು ಬರೆದಿಟ್ಟ ಪಟ್ಟಿ ನಮ್ಮ ಬಳಿ ಇತ್ತು. ಕೋವಿಡ್ ಬಂದಾಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕಾರ್ಯಪಡೆ ರಚನೆಯಾಯಿತು. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಪಿಡಿಒ ಇವರ ಜೊತೆಗೆ ನಮ್ಮಂಥ ಕೆಲವರನ್ನೂ ಸೇರಿಸಿಕೊಂಡರು. ಆ ದಿನಗಳಲ್ಲಿ ಕಣ್ಣಾರೆ ಕಂಡದ್ದೇ ಈ ಬರಹಕ್ಕೆ ಆಧಾರ.

ಕೊಡಗಿನ ಹಳ್ಳಿ ಬಯಲುಸೀಮೆಯ ಹಳ್ಳಿಯಂತಲ್ಲ ಎಂಬುದನ್ನು ಹೊರಗಿನವರಿಗೆ ಮೊದಲು ಹೇಳಬೇಕು. 2011ರ ಜನಗಣತಿಯ ಪ್ರಕಾರ ಜಿಲ್ಲೆಯಲ್ಲಿ ಸುಮಾರು 5.54 ಲಕ್ಷ ಜನ, 4,102 ಚದರ ಕಿಲೋಮೀಟರ್ ನೆಲ. ಚದರ ಕಿಲೋಮೀಟರಿಗೆ 135 ಜನ. ಇಲ್ಲಿ ಕೇರಿ ಇಲ್ಲ, ಗೋಡೆಗೆ ಗೋಡೆ ತಾಗಿದ ಮನೆಗಳಿಲ್ಲ. ತೋಟದ ನಡುವೆ ಒಂದು ಮನೆ, ಅಲ್ಲಿಂದ ಕೂಗಿದರೂ ಕೇಳಿಸದಷ್ಟು ದೂರಕ್ಕೆ ಇನ್ನೊಂದು ಮನೆ. ಮಕ್ಕಳು ಬೆಂಗಳೂರಿನಲ್ಲೋ ವಿದೇಶದಲ್ಲೋ, ಇಲ್ಲಿ ಎಪ್ಪತ್ತು ದಾಟಿದ ಗಂಡ ಹೆಂಡತಿ, ಒಂದು ನಾಯಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ಮೊಬೈಲ್ ಸಿಗ್ನಲ್ ಬೇಕಾದರೆ ಗುಡ್ಡದ ತುದಿಗೆ ಹೋಗಿ ನಿಲ್ಲಬೇಕು. ಇಂಥ ಮನೆಗೆ ಕಳ್ಳ ಬಂದರೂ, ಕಾಯಿಲೆ ಬಂದರೂ, ಮನೆಯೊಳಗೇ ಜಗಳ ಹೊತ್ತಿಕೊಂಡರೂ ಹೊರಗೆ ಗೊತ್ತಾಗುವುದು ಯಾರಾದರೂ ನಡೆದು ಅಲ್ಲಿಗೆ ಹೋದಾಗ ಮಾತ್ರ.

ಹಾಗೆ ಹೋಗುವವರು ಯಾರು? ಹಿಂದೆ ಅಂಚೆಯಣ್ಣ ಹೋಗುತ್ತಿದ್ದ, ಈಗಲೂ ಹೋಗುತ್ತಾನೆ. ಆಶಾ ಅಕ್ಕ ಹೋಗುತ್ತಾಳೆ. ಮೂರನೆಯವರು ಬೀಟ್ ಪೊಲೀಸ್. 2017ರಲ್ಲಿ ರಾಜ್ಯದಲ್ಲಿ ಬೀಟ್ ವ್ಯವಸ್ಥೆಯನ್ನು ಬದಲಿಸಿ, ಠಾಣೆಯ ಇಡೀ ವ್ಯಾಪ್ತಿಯನ್ನು ಹಂಚಿ, ಒಂದೊಂದು ಭಾಗಕ್ಕೆ ಒಬ್ಬೊಬ್ಬ ಸಿಬ್ಬಂದಿಯನ್ನು ಹೊಣೆ ಮಾಡಿದರು. ಮೊದಲು ಬೀಟ್ ಎಂದರೆ ರಾತ್ರಿ ಹೋಗಿ ಪಾಯಿಂಟ್ ಪುಸ್ತಕಕ್ಕೆ ಸಹಿ ಹಾಕಿ ಬರುವುದಾಗಿತ್ತು. ಹೊಸ ವ್ಯವಸ್ಥೆಯಲ್ಲಿ ಆ ಕಾನ್‌ಸ್ಟೆಬಲ್ ತನ್ನ ಪಾಲಿನ ಜನರನ್ನು ತಿಳಿದಿರಬೇಕು, ಊರಿನವರನ್ನು ಬೀಟ್ ಸದಸ್ಯರನ್ನಾಗಿ ಮಾಡಿಕೊಳ್ಳಬೇಕು, ಅರ್ಜಿ ವಿಚಾರಣೆಯಿಂದ ಹಿಡಿದು ಸಮನ್ಸ್ ಜಾರಿಯವರೆಗೆ ಅಲ್ಲಿನ ಕೆಲಸ ಅವನ ಕೈಯಿಂದಲೇ ಆಗಬೇಕು. ಕಾಗದದ ಮೇಲೆ ಮಾತ್ರವಲ್ಲ, ನಮ್ಮ ಕಡೆ ಇದು ಒಂದಿಷ್ಟು ನಿಜಕ್ಕೂ ನಡೆದಿತ್ತು. ನಮ್ಮ ಬೀಟ್ ಪೊಲೀಸಣ್ಣ ಉತ್ತರ ಕರ್ನಾಟಕದವರು. ಬಂದ ಹೊಸದರಲ್ಲಿ ಜಿಗಣೆಗೆ ಹೆದರುತ್ತಿದ್ದವರು, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಯಾವ ತೋಟದ ಒಳದಾರಿ ಯಾವ ಮನೆಗೆ ಹೋಗುತ್ತದೆ ಎಂದು ನಮಗಿಂತ ಚೆನ್ನಾಗಿ ಹೇಳುತ್ತಿದ್ದರು.

ಲಾಕ್‌ಡೌನ್ ಬಂದ ಕೂಡಲೇ ಅವರನ್ನು ಚೆಕ್‌ಪೋಸ್ಟಿಗೆ ಹಾಕಿದರು.

ಇದರಲ್ಲಿ ಠಾಣಾಧಿಕಾರಿಯ ತಪ್ಪು ಹುಡುಕುವುದು ಸುಲಭ, ಸರಿಯಲ್ಲ. ಠಾಣೆಯಲ್ಲಿ ಇರುವಷ್ಟೇ ಜನ, ಗೇಟುಗಳು ಹಗಲೂ ರಾತ್ರಿ. ಒಂದು ಗೇಟಿಗೆ ಮೂರು ಪಾಳಿ ಎಂದರೂ ಎಷ್ಟು ಮಂದಿ ಬೇಕಾಗುತ್ತದೆ ಎಂದು ಯಾರೂ ಲೆಕ್ಕ ಹಾಕಬಹುದು. ಗೃಹರಕ್ಷಕ ದಳದವರು ಜೊತೆಗೂಡಿದರು, ಅರಣ್ಯ ಇಲಾಖೆಯವರೂ ಕೈಜೋಡಿಸಿದರು. ಅದರ ಮೇಲೆ ಪೇಟೆಯಲ್ಲಿ ಜನದಟ್ಟಣೆ ನೋಡಿಕೊಳ್ಳುವ ಕೆಲಸ. ಅಂಗಡಿಗಳು ವಾರದ ಕೆಲವೇ ದಿನ, ಬೆಳಿಗ್ಗೆಯ ಕೆಲವೇ ಗಂಟೆ ತೆರೆದಿರುತ್ತಿದ್ದುದರಿಂದ ಇಡೀ ತಾಲೂಕಿನ ಜನ ಒಂದೇ ಹೊತ್ತಿಗೆ ಪೇಟೆಗೆ ಇಳಿಯುತ್ತಿದ್ದರು. ಸಮಯ ಕಡಿಮೆ ಮಾಡಿದಷ್ಟೂ ಗುಂಪು ದೊಡ್ಡದಾಗುತ್ತದೆ ಎಂಬ ಸಣ್ಣ ಲೆಕ್ಕವನ್ನು ಯಾರಾದರೂ ಆಗಲೇ ಹೇಳಬೇಕಿತ್ತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಗೇಟುಗಳ ಪೈಕಿ ಕೇರಳದ ಗಡಿಯದ್ದು ಬೇರೆಯೇ ಕತೆ. ಮಾಕುಟ್ಟದಲ್ಲಿ ರಸ್ತೆಗೆ ಮಣ್ಣು ಸುರಿದು ಮುಚ್ಚಿದರು. ಸೋಂಕು ಆಗ ಕಾಸರಗೋಡು, ಕಣ್ಣೂರಿನಲ್ಲಿ ಹೆಚ್ಚಿದ್ದದ್ದು ನಿಜ, ಭಯಕ್ಕೆ ಕಾರಣವೂ ಇತ್ತು. ಆದರೆ ವಿರಾಜಪೇಟೆ ಕಡೆಯ ಎಷ್ಟೋ ಕುಟುಂಬಗಳಿಗೆ ಆ ರಸ್ತೆ ಎಂದರೆ ಆಸ್ಪತ್ರೆ, ಮಗಳ ಮನೆ, ತರಕಾರಿ ಲಾರಿ. ಕರಿಕೆಯವರಿಗಂತೂ ಭಾಗಮಂಡಲ ಕಾಡಿನ ಆಚೆ, ಪಾಣತ್ತೂರು ಪಕ್ಕದಲ್ಲೇ. ಅವರ ದಿನದ ಬದುಕೇ ಗಡಿ ದಾಟಿ ನಡೆಯುವಂಥದ್ದು. ಗಡಿ ಮುಚ್ಚಿದ್ದರ ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ನ್ಯಾಯಾಲಯದಲ್ಲಿ ವಾದ ನಡೆಯುತ್ತಿದ್ದಾಗ ಮಣ್ಣಿನ ಗುಡ್ಡೆಯ ಪಕ್ಕ ನಿಂತದ್ದು ಒಬ್ಬ ಕಾನ್‌ಸ್ಟೆಬಲ್. ತುಂಬು ಗರ್ಭಿಣಿಯನ್ನು ಕೂರಿಸಿಕೊಂಡು ಬಂದ ಜೀಪಿಗೆ ದಾರಿಯಿಲ್ಲ ಎಂದು ಹೇಳಬೇಕಾದವನು ಅವನೇ. ಮೇಲಿನಿಂದ ಬಂದ ಆದೇಶದ ಇಡೀ ಭಾರ ಕೊನೆಗೆ ಬಂದು ಬೀಳುವುದು ಅಂಥವನ ಹೆಗಲ ಮೇಲೆ.

ದೊಡ್ಡ ಗೇಟು ನೋಡಿ ಊರಿನವರೂ ಸಣ್ಣ ಗೇಟು ಹಾಕಿದರು. ಮರ ಕಡಿದು ರಸ್ತೆಗೆ ಅಡ್ಡ ಹಾಕಿದರು, ಬಿದಿರು ಕಟ್ಟಿದರು, "ಹೊರಗಿನವರಿಗೆ ಪ್ರವೇಶವಿಲ್ಲ" ಎಂದು ಬೋರ್ಡ್ ಬರೆದರು. 2020ರ ಏಪ್ರಿಲ್‌ನಲ್ಲಿ ರಾಜ್ಯದ ಕೆಲವೆಡೆ ಒಂದು ಧರ್ಮದ ವ್ಯಾಪಾರಿಗಳು ಬರಬಾರದು ಎಂಬ ಬರಹಗಳೂ ಕಾಣಿಸಿಕೊಂಡವು. ರೋಗದ ಹೆದರಿಕೆ ಮನುಷ್ಯರ ಮೇಲಿನ ದ್ವೇಷಕ್ಕೆ ತಿರುಗುವುದಕ್ಕೆ ಹೆಚ್ಚು ಹೊತ್ತು ಬೇಡ. ನಮ್ಮ ಪಂಚಾಯಿತಿಯಲ್ಲಿ ಮೀನು ಮಾರಲು ಬರುತ್ತಿದ್ದ ಒಬ್ಬ ಕಾಕನನ್ನು ತಡೆದಾಗ ಗೇಟಿನ ಪಾಳಿ ಮುಗಿಸಿ ಹೋಗುತ್ತಿದ್ದ ಬೀಟ್ ಪೊಲೀಸಣ್ಣ ಬೈಕ್ ನಿಲ್ಲಿಸಿದರು. ಕೇಸು ಹಾಕುತ್ತೇನೆ ಎಂದು ಹೆದರಿಸಲಿಲ್ಲ. ತಡೆದ ಹುಡುಗರ ಹೆಸರು ಹಿಡಿದು ಕರೆದರು, ಒಬ್ಬೊಬ್ಬನ ಅಪ್ಪನ ಬಗ್ಗೆ ವಿಚಾರಿಸಿದರು, ಕಾಕ ಎಷ್ಟು ವರ್ಷದಿಂದ ಈ ಊರಿಗೆ ಬರುತ್ತಿದ್ದಾರೆ ಎಂದು ಅವರ ಬಾಯಿಂದಲೇ ಹೇಳಿಸಿದರು. ಹತ್ತು ನಿಮಿಷದಲ್ಲಿ ಬಿದಿರು ಪಕ್ಕಕ್ಕೆ ಸರಿಯಿತು. ಆ ಊರಿನ ಗುರುತೇ ಇಲ್ಲದ ಇನ್ನೊಬ್ಬ ಪೊಲೀಸ್ ಬಂದಿದ್ದರೆ ಒಂದೋ ನೋಡದಂತೆ ಹೋಗಬೇಕಿತ್ತು, ಇಲ್ಲ ಲಾಠಿ ಎತ್ತಬೇಕಿತ್ತು.

ಕ್ವಾರಂಟೈನ್ ವಿಷಯದಲ್ಲೂ ಇದೇ ಆಯಿತು. ಹೊರಗಿನಿಂದ ಬಂದವರ ಕೈಗೆ ಮುದ್ರೆ ಒತ್ತುತ್ತಿದ್ದರು, ಬಾಗಿಲಿಗೆ ನೋಟಿಸ್ ಅಂಟಿಸುತ್ತಿದ್ದರು. ಮಾರ್ಚ್ ಕೊನೆಯಲ್ಲಿ ರಾಜ್ಯ ಸರ್ಕಾರ ಕ್ವಾರಂಟೈನ್ ವಾಚ್ ಎಂಬ ಆ್ಯಪ್ ತಂದಿತು. ಮನೆಯಲ್ಲಿರುವವರು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಮ್ಮೆ ಸೆಲ್ಫಿ ಕಳಿಸಬೇಕು, ಕಳಿಸದಿದ್ದರೆ ತಂಡ ಮನೆಗೆ ಬರುತ್ತದೆ. ಬೆಂಗಳೂರಿಗೆ ಇದು ಸರಿಹೋಗಿರಬಹುದು. ನಮ್ಮಲ್ಲಿ ಸೆಲ್ಫಿ ಕಳಿಸಲು ಸಿಗ್ನಲ್ ಬೇಕು, ಸಿಗ್ನಲ್ ಬೇಕಾದರೆ ಮನೆ ಬಿಟ್ಟು ಗುಡ್ಡ ಹತ್ತಬೇಕು. ಮನೆಯಲ್ಲೇ ಇದ್ದೇನೆ ಎಂದು ತೋರಿಸಲು ಮನೆಯಿಂದ ಹೊರಗೆ ಬರಬೇಕಾದ ಪರಿಸ್ಥಿತಿ. ಕೊನೆಗೆ ಕೆಲಸಕ್ಕೆ ಬಂದದ್ದು ನಡೆದು ಹೋಗಿ ಮನೆಯ ಗೇಟಿನ ಹೊರಗೆ ನಿಂತು "ಹೇಗಿದ್ದೀರಾ, ಸಾಮಾನು ಎಂತ ಬೇಕು?" ಎಂದು ಕೇಳುವ ಪದ್ಧತಿ. ಆಶಾ ಅಕ್ಕ ಒಂದು ದಿನ, ಪಂಚಾಯಿತಿಯವರು ಒಂದು ದಿನ, ಬಿಡುವಾದಾಗ ಬೀಟ್ ಪೊಲೀಸ್. ಅಕ್ಕಿ, ಔಷಧ, ನಾಯಿಗೆ ಬೇಕಾದ್ದು ಎಲ್ಲ ತಂದುಕೊಡುತ್ತೇವೆ ಎಂಬ ಭರವಸೆ ಸಿಕ್ಕ ಮನೆಯವರು ಹೊರಗೆ ಕಾಲಿಡಲಿಲ್ಲ. ಕ್ವಾರಂಟೈನ್ ಮುರಿಯುವವರಲ್ಲಿ ಹೆಚ್ಚಿನವರು ಹಟಮಾರಿಗಳಲ್ಲ. ಮನೆಯಲ್ಲಿ ಗ್ಯಾಸ್ ಖಾಲಿಯಾದವರು, ಸಕ್ಕರೆ ಕಾಯಿಲೆಯ ಮಾತ್ರೆ ಮುಗಿದವರು.

ಆಗ ಜಿಲ್ಲಾಧಿಕಾರಿಯಾಗಿದ್ದ ಅನೀಸ್ ಕಣ್ಮಣಿ ಜಾಯ್ ಐಎಎಸ್‌ಗೆ ಮೊದಲು ನರ್ಸಿಂಗ್ ಓದಿದವರು. ಆಡಳಿತ ಆರೋಗ್ಯದ ಕಣ್ಣಿನಿಂದ ನೋಡಿದ್ದು ಜಿಲ್ಲೆಗೆ ಒಳ್ಳೆಯದೇ ಆಯಿತು ಎಂದು ನಾನು ನಂಬಿದ್ದೇನೆ. ಆದರೆ ಊರಿನ ಸುರಕ್ಷತೆ ಎಂಬುದು ಆರೋಗ್ಯಕ್ಕಿಂತ ಸ್ವಲ್ಪ ಹೆಚ್ಚಿನದು. ಸೋಂಕು ತಗುಲದ ಮನೆಯೂ ಸುರಕ್ಷಿತ ಮನೆಯಾಗಿರಬೇಕೆಂದಿಲ್ಲ.

ಮನೆಯೊಳಗಿನ ಹೊಡೆತದ ಬಗ್ಗೆ ಹೇಳದೆ ಇದು ಪೂರ್ತಿಯಾಗದು. ಲಾಕ್‌ಡೌನ್ ಹೊತ್ತಿನಲ್ಲಿ ದೇಶದಾದ್ಯಂತ ದೂರುಗಳು ಹೆಚ್ಚಾದದ್ದರಿಂದ ರಾಷ್ಟ್ರೀಯ ಮಹಿಳಾ ಆಯೋಗ 2020ರ ಏಪ್ರಿಲ್‌ನಲ್ಲಿ ವಾಟ್ಸ್‌ಆ್ಯಪ್ ಸಂಖ್ಯೆಯನ್ನೇ ತೆರೆಯಿತು. ಮಹಿಳೆಯರಿಗೆ 181 ಸಹಾಯವಾಣಿ ಇತ್ತು, ಮಕ್ಕಳಿಗೆ 1098 ಇತ್ತು. ತೋಟದ ಕೆಲಸಗಾರರು ಇರುವ ನಮ್ಮ ಲೈನ್ ಮನೆಗಳಲ್ಲಿ ಇರುವುದು ಒಂದೇ ಫೋನ್, ಅದು ಗಂಡನ ಜೇಬಿನಲ್ಲಿ. ಹೊಡೆಯುವವನು ಪಕ್ಕದಲ್ಲೇ ಇಡೀ ದಿನ ಕೂತಿರುವಾಗ ಯಾವ ಸಂಖ್ಯೆಗೆ ಕರೆ ಮಾಡುವುದು? ಮೊದಲಾದರೆ ಸಂತೆಗೆ ಹೋದಾಗ ತವರಿನವರು ಸಿಗುತ್ತಿದ್ದರು, ಕೆಲಸದ ಕಡೆ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು, ಮಗುವಿನ ನೆಪದಲ್ಲಿ ಅಂಗನವಾಡಿಗೆ ಬಂದು ಟೀಚರ್ ಮುಂದೆ ಅಳುತ್ತಿದ್ದರು. ಎಲ್ಲ ಒಟ್ಟಿಗೆ ಮುಚ್ಚಿತು. ಮದ್ಯದಂಗಡಿ ಮುಚ್ಚಿದ್ದರಿಂದ ಮನೆ ನೆಮ್ಮದಿಯಾಗಿದೆ ಎಂದು ಸಂತೋಷಪಟ್ಟವರೂ ಇದ್ದರು, ಕೆಲವು ಮನೆಗಳಲ್ಲಿ ಅದು ನಿಜವೂ ಆಗಿತ್ತು. ಆದರೆ ಕಾಡಂಚಿನಲ್ಲಿ ಕಳ್ಳಭಟ್ಟಿಯ ಒಲೆ ಹೊತ್ತಿಕೊಳ್ಳಲು ತಡವಾಗಲಿಲ್ಲ. ಮೇ 4ರಂದು ಅಂಗಡಿ ತೆರೆದ ದಿನದ ಸಾಲುಗಳನ್ನು ನೋಡಿದವರಿಗೆ ಆ ರಾತ್ರಿ ಎಷ್ಟು ಮನೆಗಳಲ್ಲಿ ಏನಾಗಬಹುದು ಎಂದು ಊಹಿಸುವುದು ಕಷ್ಟವಿರಲಿಲ್ಲ.

ನಮ್ಮ ಅಂಗನವಾಡಿ ಟೀಚರ್ ಒಂದು ಉಪಾಯ ಮಾಡಿದರು. ಮಕ್ಕಳಿಗೆ ಕೊಡುವ ಆಹಾರ ಸಾಮಗ್ರಿಯನ್ನು ಆ ದಿನಗಳಲ್ಲಿ ಮನೆಗೇ ತಲುಪಿಸಬೇಕಿತ್ತಲ್ಲ, ಅದನ್ನು ತಾಯಿಯ ಕೈಗೇ ಕೊಡಬೇಕು, ಸಹಿ ಬೇಕು ಎಂದು ಹಟ ಹಿಡಿದರು. ಹೊಸ್ತಿಲಲ್ಲಿ ನಿಂತು ಎರಡು ನಿಮಿಷ ಮುಖ ನೋಡುವ ಅವಕಾಶ ಅದರಿಂದ ಸಿಕ್ಕಿತು. ಒಂದು ಮನೆಯ ಹೆಂಗಸಿನ ಮುಖದ ಮೇಲಿನ ಗಾಯ ಅವರ ಕಣ್ಣಿಗೆ ಬಿತ್ತು. ಮೇಲ್ವಿಚಾರಕಿಗೆ ಹೇಳಿದರು. ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಅಡಿ ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿಯ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರದ್ದು, ಅಲ್ಲಿಗೂ ವಿಷಯ ಹೋಯಿತು. ಆದರೆ ಆ ಸಂಜೆ ಆ ಮನೆಗೆ ಯಾರಾದರೂ ಹೋಗಲೇಬೇಕಿತ್ತು. ಬೀಟ್ ಪೊಲೀಸಣ್ಣನಿಗೆ ಫೋನ್ ಮಾಡಿದಾಗ ಅವರು ಗೇಟಿನಲ್ಲಿದ್ದರು, ಬಿಟ್ಟು ಬರುವಂತಿರಲಿಲ್ಲ. ಠಾಣೆಯಿಂದ ಬೇರೆ ಇಬ್ಬರು ಬಂದರು. ಒಳ್ಳೆಯವರೇ. ಆದರೆ ಆ ಲೈನ್ ಮನೆಗೆ ಹೋಗುವ ದಾರಿ ಅವರಿಗೆ ಗೊತ್ತಿರಲಿಲ್ಲ, ಜೀಪಿನ ಸದ್ದು ಕೇಳಿ ಗಂಡ ತೋಟದೊಳಗೆ ಮರೆಯಾದ, ಹೆಂಗಸು ಹೊಸಬರ ಮುಂದೆ ಬಾಯಿ ಬಿಡಲಿಲ್ಲ. ಎರಡು ದಿನದ ನಂತರ ಪರಿಚಯದ ಪೊಲೀಸ್ ಬಿಡುವು ಮಾಡಿಕೊಂಡು ನಡೆದೇ ಬಂದ ಮೇಲೆ ಅವಳು ಮಾತಾಡಿದಳು. ಆ ಎರಡು ದಿನ ಏನಾಯಿತು ಎಂದು ಅವಳು ಹೇಳಿದ್ದನ್ನು ಇಲ್ಲಿ ಬರೆಯಲಾರೆ.

ಇದಕ್ಕೆ ನಮ್ಮ ಜಿಲ್ಲೆಯ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ, ಕೋವಿ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿ ಹೊಂದಿದವರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಆಯುಧಪೂಜೆಯ ಹಬ್ಬವಾದ ಕೈಲ್‌ಪೋದಿನಂದು ಹೂವಿಟ್ಟು ಪೂಜಿಸುವ ವಸ್ತು ಅದು, ಅದರ ಗೌರವ ನನಗೆ ಗೊತ್ತು, ಅದನ್ನು ಪ್ರಶ್ನಿಸುವ ಉದ್ದೇಶ ನನಗಿಲ್ಲ. ಆದರೆ ಸಾಲ, ಕುಡಿತ, ಆಸ್ತಿ ಜಗಳ ಇರುವ ಮನೆಯಲ್ಲಿ ಎಲ್ಲರನ್ನೂ ತಿಂಗಳುಗಟ್ಟಲೆ ಒಟ್ಟಿಗೆ ಕೂಡಿಹಾಕಿದಾಗ, ಗೋಡೆಯ ಮೇಲೆ ಕೋವಿ ತೂಗುತ್ತಿದೆ ಎಂಬುದನ್ನು ತಿಳಿದ ಒಬ್ಬ ಮನುಷ್ಯ ಆಗಾಗ ಆ ಮನೆಯ ಮುಂದೆ ಹಾದುಹೋಗುವುದು ಬಹಳ ದೊಡ್ಡ ರಕ್ಷಣೆ.

ಅಸ್ಸಾಂನಿಂದ, ಬಂಗಾಳದಿಂದ ತೋಟದ ಕೆಲಸಕ್ಕೆ ಬಂದವರ ಕಡೆಯೂ ಸ್ವಲ್ಪ ನೋಡಬೇಕು. ಮಾರ್ಚ್ ಎಂದರೆ ಕರಿಮೆಣಸು ಕೊಯ್ಲಿನ ಹೊತ್ತು, ಹೂ ಮಳೆ ಬಾರದಿದ್ದರೆ ಕಾಫಿಗೆ ನೀರು ಹಾಯಿಸುವ ಹೊತ್ತು. ಕೃಷಿ ಕೆಲಸಕ್ಕೆ ವಿನಾಯಿತಿ ಸಿಕ್ಕಿತು, ತೋಟದೊಳಗಿದ್ದವರಿಗೆ ಕೂಲಿ ಸಿಕ್ಕಿತು. ಮಾಲೀಕರು ಕೈಬಿಟ್ಟವರು ಮಾತ್ರ ಎಲ್ಲಿಯೂ ಇಲ್ಲದವರಾದರು. ರೇಷನ್ ಕಾರ್ಡ್ ಊರಿನಲ್ಲಿ, ರೈಲು ಇಲ್ಲ, ಭಾಷೆ ಬಾರದು. ಆದಿವಾಸಿಗಳ ಹಾಡಿಗಳಲ್ಲಿ ಯರವರು, ಜೇನುಕುರುಬರು ದಿನಗೂಲಿ ನಿಂತು ಕಂಗಾಲಾಗಿದ್ದರು. ಇವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲದಾಗ, ಯಾವ ಲೈನಿನಲ್ಲಿ ಎಷ್ಟು ಮಂದಿ ಇದ್ದಾರೆಂದು ತಿಳಿದಿದ್ದದ್ದು ಬೀಟ್ ಪುಸ್ತಕಕ್ಕೆ. ನಮ್ಮ ಪಂಚಾಯಿತಿ ಅಕ್ಕಿ ಹಂಚಿದ್ದು ಅದನ್ನು ನೋಡಿಯೇ. ಅಪರಾಧಿಗಳ ಮೇಲೆ ಕಣ್ಣಿಡಲೆಂದು ಬರೆದ ಪುಸ್ತಕ ಹಸಿದವರನ್ನು ಹುಡುಕಲು ಒದಗಿತು ಎಂಬುದನ್ನು ನಾನು ಮರೆಯಲಾರೆ.

ಕಾನೂನಿನ ಕಡೆ ಬಂದರೆ, ಆ ದಿನಗಳಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು ಐಪಿಸಿ 188. ಸರ್ಕಾರಿ ಅಧಿಕಾರಿ ಹೊರಡಿಸಿದ ಆದೇಶ ಮೀರಿದ ಅಪರಾಧ. ಜೊತೆಗೆ ಸೋಂಕು ಹರಡುವ ನಿರ್ಲಕ್ಷ್ಯಕ್ಕೆ 269, 2005ರ ವಿಪತ್ತು ನಿರ್ವಹಣಾ ಕಾಯ್ದೆ, 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ, 2020ರಲ್ಲಿ ರಾಜ್ಯವೇ ತಂದ ಸಾಂಕ್ರಾಮಿಕ ರೋಗಗಳ ಕಾನೂನು. ಮಾಸ್ಕ್ ಹಾಕದಿದ್ದರೆ ದಂಡ, ಬೈಕ್ ಜಪ್ತಿ. ಜನ ಅರಿಯದ ಒಂದು ಅಂಶವೇನೆಂದರೆ, 188ರ ಅಡಿ ಬರೀ ಪೊಲೀಸರು ಎಫ್‌ಐಆರ್ ಹಾಕಿದರೆ ಸಾಲದು. ಆದೇಶ ಹೊರಡಿಸಿದ ಅಧಿಕಾರಿ ಅಥವಾ ಅವರ ಮೇಲಧಿಕಾರಿ ಲಿಖಿತ ದೂರು ಕೊಡದೆ ನ್ಯಾಯಾಲಯ ಅದನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ ಎಂದು ದಂಡ ಪ್ರಕ್ರಿಯಾ ಸಂಹಿತೆಯ 195 ಹೇಳುತ್ತಿತ್ತು. ಅಂದರೆ ಕಾನೂನು ಬರೆದವರು ಇದನ್ನು ರಸ್ತೆಯಲ್ಲಿ ನಿಂತು ಜಳಪಿಸುವ ಆಯುಧ ಎಂದುಕೊಂಡಿರಲಿಲ್ಲ. ಹೊಡೆಯುವ ಅಧಿಕಾರವನ್ನಂತೂ ಈ ಯಾವ ಕಲಮೂ ಕೊಟ್ಟಿರಲಿಲ್ಲ. ಆದರೂ ಬಸ್ಕಿ ಹೊಡೆಸುವ, ಲಾಠಿ ಬೀಸುವ ವಿಡಿಯೋಗಳು ಹರಿದಾಡಿದವು, ನಮ್ಮಲ್ಲೇ ಎಷ್ಟೋ ಮಂದಿ ಅದನ್ನು ನೋಡಿ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನನಗೆ ಆಗಲೂ ನೋವು ಕೊಟ್ಟಿತು, ಈಗಲೂ ಕೊಡುತ್ತದೆ.

ಸಾಂಕ್ರಾಮಿಕ ಇದೆ ಎಂದು ಮಳೆ ಸುಮ್ಮನಿರಲಿಲ್ಲ. 2020ರ ಆಗಸ್ಟ್ ಮೊದಲ ವಾರ ತಲಕಾವೇರಿಯ ಗಜಗಿರಿ ಬೆಟ್ಟ ಕುಸಿದು ಪ್ರಧಾನ ಅರ್ಚಕರಾಗಿದ್ದ ನಾರಾಯಣ ಆಚಾರ್ ಅವರ ಮನೆ ಮಣ್ಣಿನಡಿ ಹೋಯಿತು. ಅವರೂ ಸೇರಿ ಐವರು ಸಿಲುಕಿಕೊಂಡರು. ಭಾಗಮಂಡಲ ನೀರಿನಲ್ಲಿ ಮುಳುಗಿತ್ತು, ದಾರಿಯುದ್ದಕ್ಕೂ ಮಣ್ಣು ಕುಸಿದಿತ್ತು, ಮಂಜಿನಲ್ಲಿ ಕೈ ಚಾಚಿದರೆ ಕೈ ಕಾಣದು. ಎನ್‌ಡಿಆರ್‌ಎಫ್, ಪೊಲೀಸ್, ಅಗ್ನಿಶಾಮಕ ದಳ, ಊರಿನವರು ಸೇರಿ ದಿನಗಟ್ಟಲೆ ಹುಡುಕಿದರು. ಅದೇ ವಾರ ಬೇರೆಡೆ ನೆರೆಯ ಪರಿಹಾರ ಕೇಂದ್ರಗಳು ತೆರೆದವು. ಜನರನ್ನು ಒಂದೇ ಸೂರಿನಡಿ ತರಬೇಕು, ದೂರ ದೂರ ಮಲಗಿಸಲೂಬೇಕು. ಒಂದು ಆಪತ್ತಿಗೆ ಎಲ್ಲ ಸಿಬ್ಬಂದಿಯನ್ನೂ ಸುರಿದರೆ ಎರಡನೆಯದು ಬಂದಾಗ ಕೈಯಲ್ಲಿ ಏನೂ ಉಳಿಯುವುದಿಲ್ಲ. ಕೊಡಗಿನಲ್ಲಿ ಎರಡನೆಯದು ಬರುವುದು ಯಾವ ತಿಂಗಳಲ್ಲಿ ಎಂಬುದೂ ನಮಗೆ ಗೊತ್ತು.

ಎರಡನೇ ಅಲೆ ಹೆಚ್ಚು ಕ್ರೂರವಾಗಿತ್ತು. 2021ರ ಏಪ್ರಿಲ್ 27ರಿಂದ ರಾಜ್ಯದಲ್ಲಿ ಮತ್ತೆ ಕರ್ಫ್ಯೂ. ಉಸಿರು ಕಟ್ಟಿದವರಿಗೆ ಮಡಿಕೇರಿಯಲ್ಲಿ ಹಾಸಿಗೆ ಸಿಗದಿದ್ದರೆ ಮೈಸೂರು 120 ಕಿಲೋಮೀಟರ್ ದೂರ. ಜುಲೈ ಮೊದಲಲ್ಲಿ ರಾಜ್ಯದ ಉಳಿದೆಡೆ ಸಡಿಲಿಕೆ ಕೊಟ್ಟಾಗಲೂ ಸೋಂಕಿನ ಪ್ರಮಾಣ ಇಳಿಯದ ಕಾರಣ ಕೊಡಗನ್ನು ಹೊರಗಿಟ್ಟರು. ಜನ ಬೇಸತ್ತಿದ್ದರು, ಪೊಲೀಸರು ಜನರಿಗಿಂತ ಬೇಸತ್ತಿದ್ದರು.

ಆ ಜೂನ್‌ನಲ್ಲಿ ವಿರಾಜಪೇಟೆಯಲ್ಲಿ ನಡೆದದ್ದನ್ನು ಜಿಲ್ಲೆ ಮರೆಯಬಾರದು. ಮಾನಸಿಕ ಅಸ್ವಸ್ಥತೆಯಿದ್ದ ವ್ಯಕ್ತಿಯೊಬ್ಬರು ಕರ್ಫ್ಯೂ ಹೊತ್ತಿನಲ್ಲಿ ರಾತ್ರಿ ಹೊರಗಿದ್ದರು. ಪೊಲೀಸರು ಅವರನ್ನು ಹೊಡೆದರೆಂಬ ಆರೋಪ ಬಂತು, ಕೆಲವು ದಿನಗಳಲ್ಲಿ ಅವರು ತೀರಿಕೊಂಡರು. 8 ಮಂದಿ ಪೊಲೀಸರನ್ನು ಅಮಾನತು ಮಾಡಲಾಯಿತು, ತನಿಖೆ ಸಿಐಡಿಗೆ ಹೋಯಿತು. ಆ ರಾತ್ರಿ ಏನಾಯಿತು ಎಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ನನಗೆ ಹೇಳಬೇಕಾದದ್ದು ಬೇರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಸೆಕ್ಷನ್ 100 ಇಂಥ ಸಂದರ್ಭಕ್ಕೆಂದೇ ಇದೆ. ಮಾನಸಿಕ ಕಾಯಿಲೆ ಇದ್ದು, ತನ್ನನ್ನು ತಾನು ನೋಡಿಕೊಳ್ಳಲಾರದೆ ಅಲೆಯುತ್ತಿರುವವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು, ಯಾವ ಕಾರಣಕ್ಕೂ ಲಾಕಪ್ಪಿನಲ್ಲಿ ಇಡುವಂತಿಲ್ಲ. ಈ ಕಾನೂನು ಬಳಕೆಗೆ ಬರಬೇಕಾದರೆ ಎದುರಿಗೆ ನಿಂತವನು ಕರ್ಫ್ಯೂ ಮುರಿದವನಲ್ಲ, ಕಾಯಿಲೆಯವನು ಎಂದು ಆ ಕತ್ತಲಲ್ಲೇ ಗುರುತಾಗಬೇಕು. ಪ್ರತಿ ಊರಿನಲ್ಲೂ, ಪ್ರತಿ ಪೇಟೆಯಲ್ಲೂ ಇಂಥ ಒಬ್ಬರೋ ಇಬ್ಬರೋ ಇರುತ್ತಾರೆ. ಚಹಾದಂಗಡಿಯವನಿಗೆ ಅವರು ಗೊತ್ತು, ಆಟೋ ಸ್ಟ್ಯಾಂಡಿಗೆ ಗೊತ್ತು. ಅವರ ತಾಯಿಗೆ ಫೋನ್ ಮಾಡಲು ಬೇಕಾದ ನಂಬರ್ ರಾತ್ರಿ ಪಾಳಿಯವರ ಜೇಬಿನಲ್ಲಿರಬೇಕು. ಇದೇ ಬೀಟಿನ ಕೆಲಸ.

ಪೊಲೀಸರ ಕಡೆಯ ಸಂಕಟವನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಗೇಟಿನಲ್ಲಿ ಟಾರ್ಪಾಲಿನ ಕೆಳಗೆ ಮಳೆಯಲ್ಲಿ ನಿಂತವರು, ಹೆಣ್ಣುಮಕ್ಕಳಿಗೆ ಹತ್ತಿರದಲ್ಲಿ ಶೌಚಾಲಯವಿಲ್ಲದ ಜಾಗದಲ್ಲಿ ಪಾಳಿ ಮಾಡಿದವರು, ಮನೆಗೆ ಹೋದರೆ ಮಗುವಿಗೆ ಸೋಂಕು ಹತ್ತೀತೆಂದು ಕ್ವಾರ್ಟರ್ಸ್ ಹೊರಗಿನ ಕೋಣೆಯಲ್ಲಿ ಮಲಗಿದವರು. ನಮ್ಮ ಬೀಟ್ ಪೊಲೀಸಣ್ಣ ತಂದೆ ತೀರಿಹೋದಾಗ ಊರು ತಲುಪುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ತಿರುಗಿ ಬಂದ ಮೇಲೆ ಅವರನ್ನು ಕ್ವಾರಂಟೈನ್ ಮಾಡಿದರು. ಆಗ ನಮ್ಮ ಊರಿನ ಹೆಂಗಸರು ಸರದಿಯಲ್ಲಿ ಅವರಿಗೆ ಅಡುಗೆ ಮಾಡಿ ಕಳಿಸಿದರು, ಅಕ್ಕಿ ರೊಟ್ಟಿ, ಕಣಿಲೆ ಸಾರು. ಊರನ್ನು ಕಾದವನನ್ನು ಊರು ಕಾಯುವುದು ಹೇಗೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಏಕೆಂದರೆ ಅವರು ನಮಗೆ ಗೊತ್ತಿದ್ದರು.

ಅದೇ ಅಲೆಯಲ್ಲಿ ತಾಯಿಯನ್ನು ಕಳೆದುಕೊಂಡ ಪುಟ್ಟ ಹುಡುಗಿಯೊಬ್ಬಳು ಬರೆದ ಪತ್ರ ನಾಡಿನಲ್ಲೆಲ್ಲ ಓಡಾಡಿತು. ಆಸ್ಪತ್ರೆಯಲ್ಲಿ ಕಾಣೆಯಾದ ಅಮ್ಮನ ಮೊಬೈಲ್ ಸಿಕ್ಕರೆ ದಯವಿಟ್ಟು ಕೊಡಿ, ಅದರಲ್ಲಿ ಅಮ್ಮನ ನೆನಪುಗಳಿವೆ ಎಂಬುದು ಅವಳ ಬೇಡಿಕೆ. ಸಾವಿರ ಕೆಲಸಗಳ ನಡುವೆ ಒಂದು ಹಳೆಯ ಫೋನ್ ಹುಡುಕುವುದು ದೊಡ್ಡ ವಿಷಯವೆಂದು ಕಾಣದೆ ಹೋಗಬಹುದಿತ್ತು. ತಿಂಗಳುಗಳ ನಂತರ ಆಗಸ್ಟ್‌ನಲ್ಲಿ ಅದು ಸಿಕ್ಕಿತು, ಪೊಲೀಸರು ಅವಳ ಕೈಗೆ ತಲುಪಿಸಿದರು. ಆ ವರ್ಷ ನಮ್ಮ ಜಿಲ್ಲೆಯ ಪೊಲೀಸರು ಮಾಡಿದ ಕೆಲಸಗಳಲ್ಲಿ ನಾನು ಇದನ್ನು ಬಹಳ ಮೇಲೆ ಇಡುತ್ತೇನೆ. ಗೇಟಿನಲ್ಲಿ ತಡೆದ ವಾಹನಗಳ ಲೆಕ್ಕಕ್ಕಿಂತ ಮೇಲೆ.

ಮುಂದೊಮ್ಮೆ ಇಂಥದ್ದೇ ಬಂದರೆ, ಅಥವಾ ಮುಂದಿನ ಆಗಸ್ಟ್‌ನಲ್ಲೇ ಗುಡ್ಡ ಜಾರಿದರೆ, ಏನು ಬದಲಾಗಬೇಕು? ನಾನು ನೋಡಿದ್ದರ ಮೇಲೆ ಹೇಳುತ್ತೇನೆ. ಗೇಟಿಗೆ ಯಾರನ್ನಾದರೂ ಹಾಕಲಿ, ಬೀಟಿನವರನ್ನು ಹಾಕಬಾರದು. ವಾಹನ ನಿಲ್ಲಿಸಿ ಪಾಸ್ ನೋಡುವ ಕೆಲಸ ತರಬೇತಿ ಪಡೆದ ಗೃಹರಕ್ಷಕರಿಂದ, ಮೀಸಲು ಪಡೆಯಿಂದ, ಮನೆಯಲ್ಲಿ ಕೂತಿದ್ದ ಇತರ ಇಲಾಖೆಗಳ ನೌಕರರಿಂದ ಆಗುತ್ತದೆ. ಒಂಟಿ ಮನೆಯ ಅಜ್ಜಿಗೆ ಬಾಗಿಲು ತೆರೆಯುವ ಧೈರ್ಯ ಬರುವಂಥ ಮುಖ ಒಂದು ದಿನದಲ್ಲಿ ತಯಾರಾಗುವುದಿಲ್ಲ. ವರ್ಗಾವಣೆಯ ವಿಷಯವೂ ಇದರಲ್ಲೇ ಬರುತ್ತದೆ. ಆಪತ್ತಿನ ನಡುವೆ, ಮಳೆಗಾಲದ ನಡುವೆ ಬೀಟ್ ಬದಲಿಸಬಾರದು.

ಪೊಲೀಸರ ಬೀಟ್ ಪಟ್ಟಿ, ಆಶಾ ಅಕ್ಕನ ಮನೆ ಪಟ್ಟಿ, ಪಂಚಾಯಿತಿಯ ವಿಪತ್ತು ಪಟ್ಟಿ ಮೂರು ಕಡೆ ಬೇರೆ ಬೇರೆಯಾಗಿ ಬಿದ್ದಿರುವುದಕ್ಕೆ ಅರ್ಥವಿಲ್ಲ. ತಿಂಗಳಿಗೊಮ್ಮೆ ಮೂವರೂ ಒಂದು ಮೇಜಿನ ಸುತ್ತ ಕೂರಬೇಕು. ಯಾರ ಕಾಯಿಲೆ ಏನು, ಯಾರ ಮನೆಯಲ್ಲಿ ಹೊಡೆತ ಎಂಬುದೆಲ್ಲ ಎಲ್ಲರ ವಾಟ್ಸ್‌ಆ್ಯಪ್‌ಗೆ ಹೋಗುವಂತಾಗಬಾರದು, ಆ ಎಚ್ಚರ ಬೇಕು. ಕೋವಿಡ್ ದಿನಗಳಲ್ಲಿ ಸೋಂಕಿತರ ಹೆಸರು, ವಿಳಾಸ ಗುಂಪುಗಳಲ್ಲಿ ಹರಿದಾಡಿ ಎಷ್ಟು ಕುಟುಂಬಗಳು ತಲೆತಗ್ಗಿಸಿಕೊಂಡು ಬದುಕಬೇಕಾಯಿತು ಎಂದು ನೋಡಿದ್ದೇವೆ. ಹಾಗಾಗಿ ಪಟ್ಟಿ ಕಾಗದದಲ್ಲೇ ಇರಲಿ, ಠಾಣೆಯ ಕಪಾಟಿನಲ್ಲಿ ಒಂದು, ಪಿಡಿಒ ಕಪಾಟಿನಲ್ಲಿ ಒಂದು.

ಲೈನ್ ಮನೆಗಳಿಗೆ ಮಹಿಳಾ ಪೊಲೀಸ್ ಹೋಗಬೇಕು, ಸಮವಸ್ತ್ರವಿಲ್ಲದೆ ಹೋದರೆ ಇನ್ನೂ ಒಳ್ಳೆಯದು, ಅಂಗನವಾಡಿ ಟೀಚರ್ ಜೊತೆಗೆ ಹೋದರೆ ಎಲ್ಲಕ್ಕಿಂತ ಒಳ್ಳೆಯದು. 112ಕ್ಕೆ ಕರೆ ಮಾಡಿ ಎಂದು ಗೋಡೆಗೆ ಬರೆಯುವಾಗ ಆ ಗೋಡೆಯ ಹತ್ತಿರ ಸಿಗ್ನಲ್ ಇದೆಯೇ ಎಂದೂ ಒಮ್ಮೆ ನೋಡಲಿ. ಇಲ್ಲದ ಕಡೆ ಪಂಚಾಯಿತಿ ಕಟ್ಟಡದಲ್ಲೋ ಶಾಲೆಯಲ್ಲೋ ಒಂದು ವೈರ್‌ಲೆಸ್ ಸೆಟ್ ಇಡಲಿ. 2018ರಲ್ಲಿ ಗುಡ್ಡದ ಆಚೆ ಸಿಕ್ಕಿಬಿದ್ದಾಗ ನಾವು ಕೇಳಿದ್ದೂ ಅದನ್ನೇ.

ನಮ್ಮ ಈಗಿನ ಬೀಟ್ ಪೊಲೀಸ್ ಹೊಸಬರು, ಹೆಣ್ಣುಮಗಳು, ಪಿರಿಯಾಪಟ್ಟಣ ಕಡೆಯವರು. ಕಳೆದ ವಾರ ಪಂಚಾಯಿತಿಗೆ ಬಂದು ಬೀಟ್ ಸಭೆ ಕರೆದಿದ್ದರು. ಬಂದವರು ಕಡಿಮೆ. ಮುಂದಿನ ಸಭೆಗೆ ಆಶಾ ಅಕ್ಕನೂ ಅಂಗನವಾಡಿ ಟೀಚರೂ ಬರಲೇಬೇಕೆಂದು ಪಿಡಿಒಗೆ ಹೇಳಿ ಬಂದಿದ್ದೇನೆ, ಹಳೆಯ ಪಟ್ಟಿಯನ್ನೂ ಹುಡುಕಿ ಇಟ್ಟಿದ್ದೇನೆ. ಅದರಲ್ಲಿದ್ದ ಕೆಲವರು ಈಗಿಲ್ಲ, ಕೆಲವು ಮನೆಗಳಿಗೆ ಬೀಗ ಬಿದ್ದಿದೆ, ಎರಡು ಲೈನ್‌ಗಳಲ್ಲಿ ಪೂರ್ತಿ ಹೊಸ ಜನ. ಮಳೆ ಹಿಡಿಯುವ ಮೊದಲು ಈ ಹೊಸ ಬೀಟ್ ಪೊಲೀಸ್ ಹೆಣ್ಣುಮಗಳನ್ನು ಕರೆದುಕೊಂಡು ಆ ಎರಡು ಲೈನ್‌ಗಳಿಗೆ ಹೋಗಬೇಕು.